ಬಟ್ಟೆಯ ಲೆಕ್ಕದಲ್ಲಿ ಕೂಲಿಯೂ ಸೇರಲಿ
(ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ ಜವಳಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಯೂರೋಪಿನ ಬಟ್ಟೆ ಉದ್ಯಮದ ವಿಚಾರ ಮಾತನಾಡುತ್ತೇವೆಂದು ಹೇಳಿದಾಗ, ಅದಕ್ಕೂ ನಮಗೂ ಏನು ನಂಟು ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ದೂರದಲ್ಲಿಲ್ಲ. ಬೆಳಗಾದರೆ ಈ ಬಡಾವಣೆಗಳಿಂದ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಪೀಣ್ಯಗಳ ಕಡೆಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳನ್ನು ಕೇಳಿ. ಅವರು ಹೊಲಿಯುವ ಷರಟಿನ ಕಾಲರಿನ ಪಟ್ಟಿಯ ಮೇಲೆ ಎಷ್ಟೋ ಸಲ ಯೂರೋಪಿನ ಕಂಪನಿಯ ಹೆಸರೇ ಇರುತ್ತದೆ. ಆ ಕಂಪನಿಗಳಿಗೆ ಅಲ್ಲಿ ಒಂದು ಹೊಸ ಕಾಯಿದೆ ಬಂದರೆ ಅದರ ಬಿಸಿ ಇಲ್ಲಿಯ ಮೆಷಿನ್ನಿನ ಮುಂದೆ ಕುಳಿತವರಿಗೆ ತಟ್ಟದೆ ಇರುವುದಿಲ್ಲ.

ಅಲ್ಲಿ ಏನು ನಡೆದಿದೆ ಎಂಬುದನ್ನು ಮೊದಲು ನೋಡೋಣ. ಯೂರೋಪಿನ ಒಬ್ಬೊಬ್ಬ ಪ್ರಜೆ ವರ್ಷಕ್ಕೆ ಸುಮಾರು 12 ಕಿಲೋ ಬಟ್ಟೆ ಮತ್ತು ಪಾದರಕ್ಷೆಗಳನ್ನು ಬಿಸಾಡುತ್ತಾನೆ. ಒಂದು ಹತ್ತಿಯ ಅಂಗಿಗೆ ಸುಮಾರು 2,700 ಲೀಟರು ನೀರು ಬೇಕು ಎಂಬುದು ಅವರೇ ಮುಂದಿಡುವ ಲೆಕ್ಕ. ಹಳೆಯ ಬಟ್ಟೆಯಿಂದ ಮತ್ತೆ ಹೊಸ ಬಟ್ಟೆಯಾಗುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಹೀಗಿರುವಲ್ಲಿ 2022ರ ಮಾರ್ಚಿಯಲ್ಲಿ ಯೂರೋಪಿನ ಒಕ್ಕೂಟ ಬಟ್ಟೆಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬಟ್ಟೆ ಬಾಳಿಕೆ ಬರಬೇಕು, ರಿಪೇರಿಗೆ ಒದಗಬೇಕು, ಮತ್ತೆ ನೂಲಾಗಲು ಯೋಗ್ಯವಿರಬೇಕು ಎಂಬುದು ಅದರ ಸಾರ. 2024ರಲ್ಲಿ ಕಾಯಿದೆ ಬಂತು. ಮಾರಾಟವಾಗದೆ ಉಳಿದ ಬಟ್ಟೆಯನ್ನು ದೊಡ್ಡ ಕಂಪನಿಗಳು 2026ರ ಜುಲೈ 19ರಿಂದ ನಾಶಮಾಡಕೂಡದು ಎಂದು ವಿಧಿಸಿದರು. ಬಟ್ಟೆಗೆ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು, ಯಾವ ನೂಲು, ಯಾವ ಬಣ್ಣ, ಎಲ್ಲಿ ತಯಾರಾಯಿತು ಎಂಬುದು ಅದರಲ್ಲಿ ದಾಖಲಾಗಬೇಕು ಎಂಬ ಏರ್ಪಾಡಿಗೂ ಅದೇ ಕಾಯಿದೆ ದಾರಿ ಮಾಡಿತು. 2025ರಲ್ಲಿ ಇನ್ನೊಂದು ತಿದ್ದುಪಡಿಯಾಗಿ, ಹಳೆಯ ಬಟ್ಟೆ ಸಂಗ್ರಹಿಸಿ ವಿಂಗಡಿಸುವ ಖರ್ಚನ್ನು ಮಾರುವ ಕಂಪನಿಯೇ ತೆರಬೇಕೆಂದಾಯಿತು.

ಇದೆಲ್ಲ ಒಳ್ಳೆಯದೇ. ನಾವು ಇದನ್ನು ವಿರೋಧಿಸುವವರಲ್ಲ. ಕೆಂಗೇರಿಯ ಹತ್ತಿರ ಹರಿಯುವ ವೃಷಭಾವತಿಯ ವಾಸನೆ ಕುಡಿದು ಬದುಕುವ ನಾವು, ನೀರು ಕೆಡಿಸಬೇಡಿ ಎಂಬ ಕಾಯಿದೆಯನ್ನು ಹೇಗೆ ವಿರೋಧಿಸಿಯೇವು? ನಮ್ಮ ಪ್ರಶ್ನೆ ಒಂದೇ: ಈ ಶುದ್ಧತೆಯ ಖರ್ಚನ್ನು ಯಾರು ಕೊಡಬೇಕು?

ಯೂರೋಪಿನವರು ಒಂದೇ ಉಸಿರಿನಲ್ಲಿ ಎರಡು ಮಾತು ಆಡುತ್ತಿದ್ದಾರೆ. ಉದ್ಯಮ ಪರಿಸರಕ್ಕೆ ಒಗ್ಗಬೇಕು ಎಂಬುದು ಒಂದು. ಉದ್ಯಮ ಸ್ಪರ್ಧೆಯಲ್ಲಿ ಗೆಲ್ಲಬೇಕು ಎಂಬುದು ಇನ್ನೊಂದು. ಅವರ ಕಷ್ಟವೂ ನಮಗೆ ಅರ್ಥವಾಗುತ್ತದೆ. ಅಲ್ಲಿ ಸುಮಾರು 13 ಲಕ್ಷ ಜನ ಬಟ್ಟೆಯ ಉದ್ಯಮದಲ್ಲಿ ದುಡಿಯುತ್ತಾರೆ. ಬಹುಪಾಲು ಘಟಕಗಳು ನಮ್ಮಲ್ಲಿಯಂತೆಯೇ ಸಣ್ಣವು. ಅಲ್ಲಿಯ ನೇಕಾರನೂ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದಾನೆ. ಅವನು ನಮ್ಮ ಶತ್ರುವಲ್ಲ.

ಆದರೆ ಸ್ಪರ್ಧೆಯ ಹೆಸರಿನಲ್ಲಿ ಏನಾಗುತ್ತದೆಂದು ನೋಡಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಲಿಯುತ್ತಿದ್ದ ಬಟ್ಟೆಯಲ್ಲಿ ಯೂರೋಪಿನ ಅಂಗಡಿಗಳಿಗೆ ಹೋಗತಕ್ಕದ್ದೂ ಇತ್ತು. ತಮಗೆ ಮಾಲು ಒದಗಿಸುವ ಕಾರ್ಖಾನೆಗಳಲ್ಲಿ ಕೆಲಸಗಾರನ ಹಕ್ಕಿಗೂ ಜೀವಕ್ಕೂ ಧಕ್ಕೆಯಾದರೆ ದೊಡ್ಡ ಕಂಪನಿಗಳೇ ಹೊಣೆ ಹೊರಬೇಕೆಂಬ ಕಾಯಿದೆಯನ್ನು ಯೂರೋಪು ಮಾಡಿದ್ದು 2024ರಲ್ಲಿ, ಅಂದರೆ ಹನ್ನೊಂದು ವರ್ಷದ ಮೇಲೆ. ಮರುವರ್ಷವೇ ಅದನ್ನು ಮುಂದೂಡಿ ಸಡಿಲಿಸುವ ಕೆಲಸ ಆರಂಭವಾಯಿತು. ಕೊಟ್ಟ ಕಾರಣ ಸ್ಪರ್ಧಾಶಕ್ತಿ! ನೂಲಿನ ಲೆಕ್ಕ ಇಡಲು ಒಪ್ಪಿದವರು ನೂಲು ಹಿಡಿದ ಕೈಯ ಲೆಕ್ಕ ಬಂದಾಗ ಮಾತ್ರ ಭಾರವಾಯಿತು ಎನ್ನುತ್ತಾರೆ.

ಇದು ಬಡ ದೇಶದ ರೋಗವೆಂದು ತಿಳಿಯಬೇಡಿ. ಇಟಲಿಯಲ್ಲಿ ಪ್ರಾಟೋ ಎಂಬ ಊರಿದೆ. ಹಳೆಯ ಉಣ್ಣೆಯ ಚಿಂದಿಯನ್ನು ಬಿಡಿಸಿ ಹೊಸ ಬಟ್ಟೆ ನೇಯುವುದರಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಹೆಸರಾದ ಊರು ಅದು. ಅದೇ ಊರಿನ ಸಿದ್ಧ ಉಡುಪಿನ ಒಂದು ಕಾರ್ಖಾನೆಗೆ 2013ರ ಡಿಸೆಂಬರ್ 1ರಂದು ಬೆಂಕಿ ಬಿದ್ದು, ಅದರೊಳಗೇ ಮಲಗುತ್ತಿದ್ದ ಏಳು ಮಂದಿ ಚೀಣೀ ಕೆಲಸಗಾರರು ಸತ್ತರು. ಚಿಂದಿಯನ್ನು ಉಳಿಸಲು ಕಲಿತ ಊರು ಮನುಷ್ಯರನ್ನು ಉಳಿಸಲಿಲ್ಲ. ಬಟ್ಟೆಯ ಮೇಲೆ ಹಸಿರು ಚೀಟಿ ಅಂಟಿಸಿದ ಮಾತ್ರಕ್ಕೆ ಹೊಲಿದವರ ಬಾಳು ಹಸನಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಊರಿಗೆ ಬರೋಣ. ಕೂಲಿ ಹೆಚ್ಚಿದರೆ ಮಿಲ್ಲು ಮುಚ್ಚುತ್ತದೆ ಎಂದು ಮಾಲೀಕರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಇದೇ ಮಾಗಡಿ ರಸ್ತೆಯಲ್ಲಿ ಮಿನರ್ವ ಮಿಲ್ ಇತ್ತು. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಏತಕ್ಕೆ? ಮಿಲ್ಲನ್ನು ಸಾರ್ವಜನಿಕ ಹಿತಕ್ಕೆ ತೀರ ಮಾರಕವಾಗುವಂತೆ ನಡೆಸಲಾಗುತ್ತಿದೆ ಎಂಬ ಕಾರಣಕ್ಕೆ. ಕೂಲಿ ಹೆಚ್ಚಾಯಿತೆಂಬ ಕಾರಣಕ್ಕಲ್ಲ. 1974ರಲ್ಲಿ ಅದು ರಾಷ್ಟ್ರೀಕರಣವಾಯಿತು. 1884ರಲ್ಲಿ ಹುಟ್ಟಿ ಬಿನ್ನಿ ಮಿಲ್ ಎಂದು ಹೆಸರಾದ ಕಾರ್ಖಾನೆಯ ನೆಲದಲ್ಲಿ ಇಂದು ಬಹುಮಹಡಿ ಮನೆಗಳು ನಿಂತಿವೆ.

ಮಿಲ್ಲುಗಳು ಹೋದ ಮೇಲೆ ಗಾರ್ಮೆಂಟ್ಸ್ ನಿಂತಿತು. ಅದರ ಮೇಲೂ ಯೂರೋಪಿನ ಹಿಡಿತವಿತ್ತು. 1974ರಿಂದ 2004ರ ಕೊನೆಯ ತನಕ ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದೆಂದು ಶ್ರೀಮಂತ ದೇಶಗಳು ಕೋಟಾ ಇಟ್ಟಿದ್ದವು. ಕೋಟಾ ಹೋದ ಮೇಲೆ ಉಳಿದದ್ದು ಬೆಲೆಯ ಮೇಲಾಟ. ಈ ಬೆಲೆಗೆ ಆಗದಿದ್ದರೆ ಬೇರೆ ದೇಶಕ್ಕೆ ಹೋಗುತ್ತೇವೆ ಎನ್ನುವುದು ಕೊಳ್ಳುವವನ ಮಾತು. ಅದನ್ನು ಕೇಳಿದ ಮಾಲೀಕ ಟಾರ್ಗೆಟ್ ಏರಿಸುತ್ತಾನೆ. ಕೊನೆಗೆ ಆ ಭಾರ ಬೀಳುವುದು ಟೈಲರ್ ಅಕ್ಕನ ಬೆನ್ನಿನ ಮೇಲೆ.

2020ರ ಏಪ್ರಿಲ್‌ನಲ್ಲಿ ಕೊಡಬೇಕಾಗಿದ್ದ ತುಟ್ಟಿಭತ್ಯೆಯ ಕತೆ ನಿಮಗೆಲ್ಲ ಗೊತ್ತು. ತಿಂಗಳಿಗೆ 417 ರೂಪಾಯಿ. ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಕೊಡಲೇಬೇಕೆಂದಿತು. ಆದರೂ ನಮ್ಮ ರಾಜ್ಯದ ಅನೇಕ ಗಾರ್ಮೆಂಟ್ಸ್ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕೆಲಸಗಾರರ ಹಣ ಅದು. ಸಂಘಗಳು ಪಟ್ಟು ಬಿಡಲಿಲ್ಲ. ಹೊರದೇಶದ ಕಾರ್ಮಿಕ ಹಿತದ ಸಂಸ್ಥೆಗಳು ಈ ಸುದ್ದಿಯನ್ನು ಕೊಳ್ಳುವ ಕಂಪನಿಗಳ ಬಾಗಿಲಿಗೆ ಒಯ್ದವು. ಆ ಕಂಪನಿಗಳ ಒತ್ತಡ ಬಿದ್ದ ಮೇಲೆ, 2021ರ ಕೊನೆಗೆ ಮತ್ತು 2022ರ ಮೊದಲಿಗೆ, ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಳ್ಳುವವನಿಗೆ ಕೂಲಿಯ ವಿಚಾರದಲ್ಲಿ ಏನೂ ಮಾಡುವುದಕ್ಕಾಗುವುದಿಲ್ಲ ಎಂಬುದು ಸುಳ್ಳು. ಅವನು ಮನಸ್ಸು ಮಾಡಿದರೆ ಆಗುತ್ತದೆ. ಮನಸ್ಸು ಮಾಡುವಂತೆ ನಾವು ಮಾಡಬೇಕು.

ಸಣ್ಣ ಘಟಕದವರಿಗೆ, ವರ್ತಕರಿಗೆ ಪಕ್ಕದ ತಿರುಪ್ಪೂರಿನಲ್ಲಿ ಒಂದು ಪಾಠವಿದೆ. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿಯ ಬಣ್ಣ ಹಾಕುವ ಘಟಕಗಳನ್ನೆಲ್ಲ ಮುಚ್ಚಿಸಿತು. ನೊಯ್ಯಲ್ ಹೊಳೆ ಸತ್ತಿತ್ತು, ಕೆಳಗಿನ ರೈತರು ವರ್ಷಗಟ್ಟಲೆ ಹೋರಾಡಿದ್ದರು. ಏಳುನೂರಕ್ಕೂ ಹೆಚ್ಚು ಘಟಕಗಳಿಗೆ ಬೀಗ ಬಿತ್ತು, ಕೆಲಸಗಾರರು ಊರು ಬಿಟ್ಟರು. ಒಂದು ತೊಟ್ಟು ಕೊಳೆನೀರನ್ನೂ ಹೊರಗೆ ಬಿಡದ ಶುದ್ಧೀಕರಣದ ಏರ್ಪಾಡು ಮಾಡಿಕೊಂಡ ಮೇಲೆ ಕೆಲಸ ಮತ್ತೆ ಹಿಡಿಯಿತು. ಅದು ಸಾಧ್ಯವಾದದ್ದು ಹೇಗೆ? ಅನೇಕ ಘಟಕಗಳು ಒಟ್ಟುಗೂಡಿ ಸಾಮೂಹಿಕ ಸ್ಥಾವರಗಳನ್ನು ನಡೆಸಿದವು, ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಒಬ್ಬೊಬ್ಬನೇ ಹೊರಲಾಗದ ಹೊರೆಯನ್ನು ಹತ್ತು ಜನ ಹೆಗಲು ಕೊಟ್ಟು ಹೊತ್ತರು. ಕಾಯಿದೆಯ ಜೊತೆಗೆ ಹಣವೂ ಸಹಕಾರವೂ ಬಂದರೆ ಹೊಳೆಯೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ.

ನಾಳೆ ಈ ಪಾಸ್‌ಪೋರ್ಟ್ ಬಂದಾಗ ಏನಾಗಬಹುದು, ಯೋಚಿಸಿ. ದೊಡ್ಡ ಕಾರ್ಖಾನೆಗೆ ಕಂಪ್ಯೂಟರಿದೆ, ಲೆಕ್ಕ ಬರೆಯುವ ಜನರಿದ್ದಾರೆ. ನಾಲ್ಕು ಮೆಷಿನ್ ಇಟ್ಟು ಜಾಬ್ ವರ್ಕ್ ಮಾಡುವವನಿಗೆ ಏನಿದೆ? ನೂಲಿನ ಮೂಲ ತೋರಿಸು, ಬಣ್ಣದ ಪರೀಕ್ಷೆಯ ಕಾಗದ ತೋರಿಸು ಎಂದರೆ ಅವನು ಎಲ್ಲಿಂದ ತಂದಾನು? ಕಾಗದ ಇಲ್ಲದವನ ಕೈಯಿಂದ ಕೆಲಸ ಜಾರಿ, ಕಾಗದ ಉಳ್ಳವನ ಕೈ ಸೇರುತ್ತದೆ. ಕಟಿಂಗ್ ಚಿಂದಿ ತೂಗಿ ಮಾರುವ ವರ್ತಕನ ಮಾತೂ ಅಷ್ಟೆ. ಚಿಂದಿಗೆ ಬೆಲೆ ಬಂದ ದಿನ ದೊಡ್ಡ ಕಂಪನಿಯೇ ಗೋಣಿ ಹಿಡಿದು ಬರುತ್ತದೆ.

ಆದುದರಿಂದ ನಾವು ಮೂರು ಮಾತನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಪರೀಕ್ಷೆಯ ಖರ್ಚು, ಕಾಗದದ ಖರ್ಚು, ಶುದ್ಧ ನೀರಿನ ಖರ್ಚು ಆರ್ಡರಿನ ಬೆಲೆಯಲ್ಲಿ ಬೇರೆಯಾಗಿಯೇ ಬರೆದಿರಬೇಕು. ಶುದ್ಧ ಬಟ್ಟೆ ಬೇಕೆಂದವನು ಶುದ್ಧ ಬೆಲೆ ಕೊಡಬೇಕು. ಕೂಲಿಯಿಂದ ಅದನ್ನು ಕತ್ತರಿಸಕೂಡದು.

ಎರಡನೆಯದು, ಸಣ್ಣ ಘಟಕಗಳಿಗಾಗಿ ಸರ್ಕಾರ ಸಾಮೂಹಿಕ ಪರೀಕ್ಷಾಲಯ, ಸಾಮೂಹಿಕ ನೀರಿನ ಸ್ಥಾವರ, ಲೆಕ್ಕ ಬರೆದುಕೊಡುವ ಕಚೇರಿ ತೆರೆಯಬೇಕು. ಇದನ್ನು ಕೇಳಲು ವರ್ತಕರೂ ಕೆಲಸಗಾರರೂ ಒಂದೇ ಅರ್ಜಿಗೆ ಸಹಿ ಹಾಕಬೇಕು. ಇಂದಿನಿಂದಲೇ ಸಣ್ಣವರು ತಮ್ಮ ಖರೀದಿಯ ಚೀಟಿ, ತೂಕದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದು, ಬಟ್ಟೆಯ ಪಾಸ್‌ಪೋರ್ಟಿನಲ್ಲಿ ನೂಲಿನ ಹೆಸರಿನ ಪಕ್ಕದಲ್ಲಿ ಕೂಲಿಯೂ ನಮೂದಾಗಬೇಕು. ಹೊಲಿದವರಿಗೆ ಕಾನೂನಿನ ಪ್ರಕಾರ ತುಟ್ಟಿಭತ್ಯೆ ಸಂದಿತೆ, ಅವರಿಗೆ ಸಂಘ ಕಟ್ಟುವ ಸ್ವಾತಂತ್ರ್ಯ ಇದೆಯೆ, ಇಷ್ಟನ್ನು ಅಂಗಡಿಯಲ್ಲಿ ನಿಂತ ಗ್ರಾಹಕ ಓದುವಂತಾಗಬೇಕು. ಈ ಬೇಡಿಕೆಯನ್ನು ಅಲ್ಲಿಯ ಕಾರ್ಮಿಕ ಸಂಘಗಳ ಮುಂದೂ ಇಡೋಣ. ಇಲ್ಲಿಯ ಕೂಲಿ ಏರಿದರೆ ಅಲ್ಲಿಯ ನೇಕಾರನಿಗೂ ಬಲ ಬರುತ್ತದೆ. ನಮ್ಮ ಅಗ್ಗದ ದುಡಿಮೆಯನ್ನು ತೋರಿಸಿ ಅವನನ್ನು ಹೆದರಿಸುವುದು ಆಗ ಯಾರಿಂದಲೂ ಆಗದು.

ಬಟ್ಟೆ ಹತ್ತು ವರ್ಷ ಬಾಳಬೇಕೆಂದು ಯೂರೋಪು ಬಯಸುವುದಾದರೆ ಸಂತೋಷ. ಆದರೆ ಅದನ್ನು ಹೊಲಿದವಳು ನಲವತ್ತಕ್ಕೇ ಬೆನ್ನುನೋವಿನಿಂದ ಕೆಲಸ ಬಿಡುವಂತಾದರೆ ಆ ಬಟ್ಟೆಯನ್ನು ಶುದ್ಧವೆಂದು ನಾವು ಒಪ್ಪುವುದಿಲ್ಲ. ಮುಂದಿನ ಭಾನುವಾರ ಅರ್ಜಿಯ ಕರಡು ಸಿದ್ಧವಾಗಲಿದೆ. ಪ್ರತಿ ಲೈನಿನಿಂದ ಒಬ್ಬರು, ಪ್ರತಿ ಬೀದಿಯ ಅಂಗಡಿಯವರಲ್ಲಿ ಒಬ್ಬರು ತಪ್ಪದೆ ಬರಬೇಕೆಂದು ಕೋರುತ್ತೇವೆ.