ಎಚ್-1ಬಿ ಚೀಟಿಗೆ ಹೆಸರು ಕೊಡುವ ಮುನ್ನ



ಅಮೆರಿಕದ ಎಚ್-1ಬಿ ವೀಸಾಕ್ಕೆ ನೀವೇ ಅರ್ಜಿ ಹಾಕುವಂತಿಲ್ಲ. ಕೆಲಸ ಕೊಡುವ ಕಂಪನಿಯೇ ಮಾರ್ಚ್‌ನಲ್ಲಿ ನಿಮ್ಮ ಹೆಸರು ನೋಂದಾಯಿಸಬೇಕು. ವರ್ಷಕ್ಕೆ 65,000 ವೀಸಾ, ಅಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಹೆಸರು ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಹಿಂದೆ ಒಬ್ಬನದೇ ಹೆಸರನ್ನು ನಾಲ್ಕು ಕಂಪನಿಗಳಿಂದ ಹಾಕಿಸುವವರಿದ್ದರು. 2024ರಿಂದ ಪಾಸ್‌ಪೋರ್ಟ್ ನೋಡಿ ಒಬ್ಬರನ್ನು ಒಮ್ಮೆ ಮಾತ್ರ ಎಣಿಸುತ್ತಾರೆ. 2026ರಲ್ಲಿ ಹೆಚ್ಚು ಸಂಬಳದ ದರ್ಜೆಯವರಿಗೆ ಹೆಚ್ಚು ಅವಕಾಶ ಕೊಡುವ ನಿಯಮ ಬಂತು. ಈಗಷ್ಟೇ ಓದು ಮುಗಿಸಿದವರಿಗೆ ಇದು ಕಷ್ಟವೇ.

ಹೀಗಿರುವಾಗ "ಹೆಸರು ಬರುವಂತೆ ಮಾಡುತ್ತೇನೆ" ಎನ್ನುವ ದಲ್ಲಾಳಿಯನ್ನು ಹೇಗೆ ನಂಬುತ್ತೀರಿ? ಇಂಥ ಮಾತಿಗೆ ತಾಯಿಯ ಒಡವೆ ಅಡವಿಟ್ಟ ಹುಡುಗನೊಬ್ಬನನ್ನು ನಾನು ಬಲ್ಲೆ. ಒಡವೆ ಇನ್ನೂ ಬಿಡಿಸಿಲ್ಲ. 2025ರಲ್ಲಿ ನೋಂದಣಿ ಶುಲ್ಕವೇ 215 ಡಾಲರ್ ಆಯಿತು, ನಿಜ. ಆದರೆ ಅದನ್ನು ಕಟ್ಟಬೇಕಾದದ್ದು ಕಂಪನಿ, ನೀವಲ್ಲ. ಯಾರಾದರೂ ದುಡ್ಡು ಕೇಳಿದರೆ, ಕೊಡುವ ಮುನ್ನ ಕಾಗದಗಳನ್ನು ಸಂಘದ ಕಚೇರಿಗೆ ತಂದು ತೋರಿಸಿ.