ಅಚ್ಚಿನ ಚಿತ್ರವೂ ಕಲ್ಲಿನ ಶಿಲ್ಪವೂ



ಹಳೇಬೀಡು ಎಂದೊಡನೆ ನಿಮ್ಮ ಕಣ್ಣಮುಂದೆ ಒಂದು ಚಿತ್ರ ಮೂಡುತ್ತದೆ. ಅದು ನೀವು ಅಲ್ಲಿಗೇ ಹೋಗಿ ಕಂಡದ್ದೋ, ಪಠ್ಯಪುಸ್ತಕದಲ್ಲಿ ಕಂಡದ್ದೋ?

ಯೂರೋಪಿನಲ್ಲಿಯೂ ಹೀಗೆಯೇ ಆಯಿತು. ಅದು ಛಾಯಾಚಿತ್ರವಿಲ್ಲದ ಕಾಲ. ರೋಮಿನ ಪುರಾತನ ಶಿಲ್ಪಗಳ ಚಿತ್ರವನ್ನು ಕಲಾವಿದರು ತಾಮ್ರದ ತಗಡಿನ ಮೇಲೆ ಗೆರೆಗಳಾಗಿ ಕೊರೆದು, ಆ ಗೆರೆಗಳಿಗೆ ಮಸಿ ತುಂಬಿ, ಕಾಗದಕ್ಕೆ ಅಚ್ಚೊತ್ತುತ್ತಿದ್ದರು. 1638ರಲ್ಲಿ ಫ್ರಾನ್ಸ್‌ವಾ ಪೆರಿಯೆ ಎಂಬ ಫ್ರೆಂಚ್ ಕಲಾವಿದ ಇಂಥ ನೂರು ಚಿತ್ರಗಳನ್ನು ಪ್ರಕಟಿಸಿದ. ರೋಮನ್ನು ಎಂದೂ ಕಾಣದವರು ಇಂಥ ಹಾಳೆಗಳಿಂದಲೇ ಶ್ರೇಷ್ಠ ಶಿಲ್ಪ ಯಾವುದೆಂದು ಕಲಿತರು.

ಆದರೆ ಅಚ್ಚಿಗೆ ತನ್ನದೇ ದೋಷಗಳಿವೆ. ರಬ್ಬರ್ ಸ್ಟ್ಯಾಂಪನ್ನು ನೋಡಿ: ಅದರಲ್ಲಿ ಅಕ್ಷರ ತಿರುವುಮುರುವಾಗಿರುತ್ತದೆ. ಹಾಗೆಯೇ, ಕೊರೆಯುವವನು ಎಚ್ಚರ ತಪ್ಪಿದರೆ ಮೂರ್ತಿಯ ಬಲಗೈ ಕಾಗದದಲ್ಲಿ ಎಡಗೈ ಆಗುತ್ತಿತ್ತು. 1506ರಲ್ಲಿ ರೋಮಿನಲ್ಲಿ ಲಾವೊಕೂನ್ ಶಿಲ್ಪ ನೆಲದಿಂದ ಹೊರಬಂದಾಗ ಅದಕ್ಕೆ ಬಲಗೈ ಇರಲಿಲ್ಲ. ದುರಸ್ತಿ ಮಾಡಿದವರು ಮೇಲಕ್ಕೆ ಚಾಚಿದ ಕೈಯೊಂದನ್ನು ಜೋಡಿಸಿದರು. ಅಚ್ಚಿನ ಚಿತ್ರಗಳು ಆ ಕೈಯನ್ನೇ ನಾಡುನಾಡಿಗೆ ಹರಡಿದವು. 20ನೆಯ ಶತಮಾನದ ಆರಂಭದಲ್ಲಿ ಮೂಲ ಕೈ ಸಿಕ್ಕಿತು. ಅದು ಹಿಂದಕ್ಕೆ ಮಡಿಸಿತ್ತು!

ನಮ್ಮ ಶಿಲ್ಪಗಳೂ ಹೊರಜಗತ್ತಿಗೆ ಪರಿಚಯವಾದದ್ದು ಹಾಳೆಯ ಮೂಲಕವೇ. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರವಣಿಗೆಯೊಂದಿಗೆ ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟ ಲಂಡನ್ನಿನಲ್ಲಿ ಹೊರಬಂತು. 1876ರ ತನ್ನ ಸಚಿತ್ರ ಗ್ರಂಥದಲ್ಲಿ ಫರ್ಗುಸನ್, ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನ್ ಎದುರಿಗೆ ಇಟ್ಟು, ಎರಡೂ ವಾಸ್ತುಕಲೆಯ ಎರಡು ಧ್ರುವಗಳೆಂದ. ಚಿತ್ರ ಕಂಡ ಊರಿಗೆ ಕೀರ್ತಿ ಬಂತು. ಚಿತ್ರವಾಗದ ಊರಿಗೆ?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ. ತೆಂಗಿನ ಸೀಮೆಯ ಆ ಊರಿನ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ, ಅಷ್ಟದಿಕ್ಪಾಲಕರ ನಡುವೆ ಶಿವ ನರ್ತಿಸುತ್ತಿದ್ದಾನೆ. ಇದು 9ನೆಯ ಶತಮಾನದ ನೊಳಂಬ ಶೈಲಿಯ ಕೆಲಸ. ಪುಸ್ತಕದಲ್ಲಿ ಅದು ಚಪ್ಪಟೆಯಾದ ಚೌಕ. ಅಲ್ಲಿ ಅದು ನಿಮ್ಮ ತಲೆಯ ಮೇಲಿನ ಆಕಾಶ. ಕತ್ತು ನೋಯುವವರೆಗೆ ನೋಡಬೇಕು. ಅದೇ ಊರಿನ ಹೊಯ್ಸಳರ ಚೆನ್ನಕೇಶವ ದೇವಾಲಯದ ಗೋಡೆ ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಮುಖ ಬೆಳಗಿದರೆ ಪಕ್ಕದ್ದು ನೆರಳು. ಸಂಜೆಗೆ ಎಲ್ಲವೂ ಅದಲುಬದಲು. ಒಂದು ಚಿತ್ರದಲ್ಲಿ ಒಂದು ಗಳಿಗೆ ಮಾತ್ರ ಹಿಡಿಯುತ್ತದೆ.

ಕ್ಯಾಮೆರಾ ನಂಬಿ ಕೆಲಸ ಮಾಡುವ ನಾನೇ ಇದನ್ನು ಹೇಳುತ್ತಿದ್ದೇನೆ. ನಾವು ಪರದೆಯ ಮೇಲೆ ತೋರಿಸುವುದು ನಾವು ಆರಿಸಿಕೊಂಡದ್ದನ್ನು ಮಾತ್ರ. ಉಳಿದದ್ದನ್ನು ನೀವೇ ನೋಡಬೇಕು. ಚಿತ್ರವನ್ನು ಆಹ್ವಾನಪತ್ರಿಕೆ ಎಂದುಕೊಳ್ಳಿ. ಪತ್ರಿಕೆ ಓದಿದ ಮಾತ್ರಕ್ಕೆ ಊಟ ಆದಂತಲ್ಲ. ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಹಿಡಿದು ನಿಮ್ಮೂರಿನ ಹಳೆಯ ಗುಡಿಯ ಮುಂದೆ ಒಂದು ಗಂಟೆ ಕುಳಿತು ನೋಡಿ.