ಮೊದಲ ಬಾರಿಗೆ ಮೇಲ್ವಿಚಾರಕರಾದಾಗ



ಒಂದು ಕೆಲಸವನ್ನು ಚೆನ್ನಾಗಿ ಮಾಡುವವರನ್ನು ಗುರುತಿಸಿ, ಅದೇ ಕೆಲಸ ಮಾಡುವ ಇತರರ ಮೇಲ್ವಿಚಾರಕರನ್ನಾಗಿ ನೇಮಿಸುವುದು ಎಲ್ಲೆಡೆ ಕಂಡುಬರುವ ರೂಢಿ. ಚೆನ್ನಾಗಿ ಪಾಠ ಹೇಳುವವರು ಮುಖ್ಯೋಪಾಧ್ಯಾಯರಾಗುತ್ತಾರೆ. ನುರಿತ ಎಂಜಿನಿಯರು ವ್ಯವಸ್ಥಾಪಕರಾಗುತ್ತಾರೆ. ನಿಮ್ಮಲ್ಲಿ ಹಲವರು ಮುಂದೊಂದು ದಿನ ಈ ಮೆಟ್ಟಿಲು ಏರುವವರೇ. ಆದರೆ ಮಾರನೆಯ ದಿನದಿಂದ ನಿಮ್ಮ ಕೆಲಸವೇ ಬೇರೆಯಾಗಿರುತ್ತದೆ ಎಂಬ ಮಾತನ್ನು ಬಡ್ತಿಯ ಆದೇಶದಲ್ಲಿ ಯಾರೂ ಬರೆದಿರುವುದಿಲ್ಲ. ನಾನು ಇದನ್ನು ತಡವಾಗಿ ಕಲಿತೆ.

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಟೆಲಿವಿಷನ್ ಕ್ಷೇತ್ರಕ್ಕೆ ಬಂದ ನಾನು ಮೊದಲ ಕೆಲವು ವರ್ಷ ಕ್ಯಾಮರಾ ಹಿಡಿದವನು. ನಿರ್ಮಾಪಕನಾದ ಮೇಲೆ ನನಗೆ ಸಿಕ್ಕ ಮೊದಲ ಕಾರ್ಯಕ್ರಮ ಪ್ರೌಢಶಾಲಾ ಮಕ್ಕಳ ವಿಜ್ಞಾನ ರಸಪ್ರಶ್ನೆ. ಸ್ಟುಡಿಯೋದಲ್ಲಿ ಮೂರು ಕ್ಯಾಮರಾಗಳು. ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಮಾನಿಟರುಗಳ ಮುಂದೆ ನಾನು. ಅಲ್ಲಿಂದ ನಾನಾಡುವ ಮಾತು ಟಾಕ್‌ಬ್ಯಾಕ್ ಎಂಬ ಸಾಧನದ ಮೂಲಕ ಕ್ಯಾಮರಾದವರ ಕಿವಿಗೆ ತಲುಪುತ್ತದೆ. ಎರಡನೆಯ ಕ್ಯಾಮರಾದಲ್ಲಿದ್ದವರು ನನ್ನ ಹಳೆಯ ಗೆಳೆಯರೇ. ನಾನು ಬಾಯಿ ಮುಚ್ಚಲಿಲ್ಲ. ಸ್ವಲ್ಪ ಎಡಕ್ಕೆ, ಇನ್ನೂ ಹತ್ತಿರ, ಫೋಕಸ್ ನೋಡಿ, ಹೀಗೆ ಒಂದೇ ಸಮನೆ. ನಿಜ ಹೇಳಬೇಕೆಂದರೆ ಅಂದು ನಾನು ಗೋಡೆಯ ಈಚೆ ಕುಳಿತು ಅವರ ಕ್ಯಾಮರಾವನ್ನೇ ನಡೆಸುತ್ತಿದ್ದೆ.

ಪ್ರೆಶರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದೇಕೆ ಎಂಬ ಪ್ರಶ್ನೆ ಬಂತು. ಹಳ್ಳಿಯ ಶಾಲೆಯೊಂದರ ಹುಡುಗಿ ಥಟ್ಟನೆ ಎದ್ದು, ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದುವೂ ಹೆಚ್ಚುತ್ತದೆ ಎಂದು ಉತ್ತರಿಸಿದಳು. ಆ ಕ್ಷಣದಲ್ಲಿ ಎರಡನೆಯ ಕ್ಯಾಮರಾ ನಾನು ಹೇಳಿದ್ದ ಖಾಲಿ ಅಂಕಫಲಕದ ಮೇಲೆಯೇ ನಿಂತಿತ್ತು. ಸಾಲದ್ದಕ್ಕೆ ಅವಳ ಮೈಕು ಸತ್ತಿತ್ತು. ಧ್ವನಿ ವಿಭಾಗದವರು ಎರಡು ಬಾರಿ ಕೈಸನ್ನೆ ಮಾಡಿದ್ದರಂತೆ, ನನ್ನ ಕಣ್ಣು ಫೋಕಸ್ಸಿನಲ್ಲಿತ್ತು. ಉತ್ತರವನ್ನು ಅವಳಿಂದ ಮತ್ತೊಮ್ಮೆ ಹೇಳಿಸಿದೆವು. ಮಾತು ಬಂತು, ಮೊದಲ ಸಲ ಆ ಮುಖದಲ್ಲಿದ್ದ ಬೆಳಕು ಬರಲಿಲ್ಲ.

ಆಮೇಲೆ ಗೆಳೆಯರನ್ನು ಕೇಳಿದೆ, ನೀವಾದರೂ ಅವಳತ್ತ ತಿರುಗಬಾರದಿತ್ತೇ ಎಂದು. "ನೀವು ಹೇಳಲಿಲ್ಲವಲ್ಲ ಸಾರ್" ಎಂದರು. ಅವರು ನನ್ನನ್ನು ಸಾರ್ ಎಂದು ಕರೆದದ್ದು ಅದೇ ಮೊದಲು.

ನಾಯಕನನ್ನು ವೇಗವರ್ಧಕಕ್ಕೆ ಹೋಲಿಸುವುದುಂಟು. ವಿಜ್ಞಾನ ಓದಿದ ನನಗೆ ಈ ಹೋಲಿಕೆ ಅಷ್ಟು ಹಿಡಿಸದು. ವೇಗವರ್ಧಕವು ಕ್ರಿಯೆ ಮುಗಿದ ಮೇಲೆ ಇದ್ದ ಹಾಗೆಯೇ ಉಳಿಯುತ್ತದೆ. ಮೇಲ್ವಿಚಾರಕನಿಗೆ ಆ ಭಾಗ್ಯವಿಲ್ಲ. ತನ್ನ ಕೈಗೆ ಚೆನ್ನಾಗಿ ಒಗ್ಗಿದ ಕೆಲಸವನ್ನೇ ಅವನು ಬಿಟ್ಟುಕೊಡಬೇಕು. ಸಂಜೆ ಮನೆಗೆ ಹೊರಟಾಗ ಇಂದು ನಾನು ಮಾಡಿದ್ದಾದರೂ ಏನು ಎಂದು ಕೇಳಿಕೊಂಡರೆ ತೋರಿಸಲು ಏನೂ ಇರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಇದು ಬಹಳ ಕಾಡುತ್ತದೆ.

ಬಿಟ್ಟುಕೊಟ್ಟ ಕೆಲಸಕ್ಕೆ ಹೊಣೆ ಮಾತ್ರ ತಪ್ಪುವುದಿಲ್ಲ. ಎಸ್.ಎಲ್.ವಿ.-3 ರಾಕೆಟ್ಟಿನ ಕಥೆ ನಿಮಗೆ ಗೊತ್ತಿರಬಹುದು. ಬೆಂಗಳೂರಿನಲ್ಲಿ 'ನಂದಿ' ಎಂಬ ಹೋವರ್‌ಕ್ರಾಫ್ಟ್ ಕಟ್ಟಿದ ತಂಡದಲ್ಲಿದ್ದ ಎಂಜಿನಿಯರ್ ಅಬ್ದುಲ್ ಕಲಾಂ ಅವರು ಮುಂದೆ ಈ ಯೋಜನೆಯ ನಿರ್ದೇಶಕರಾದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಉಡಾವಣೆಗೆ ಮುನ್ನ ಕಂಪ್ಯೂಟರ್ ತಡೆ ಸೂಚಿಸಿತು. ಮುಂದುವರಿಯಬಹುದು ಎಂದು ತಜ್ಞರು ಹೇಳಿದರು; ಕಲಾಂ ಉಡಾವಣೆಗೆ ನಿರ್ಧರಿಸಿದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟು ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅಂದು ಪತ್ರಕರ್ತರ ಮುಂದೆ ಕುಳಿತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರೊಡನೆ ಮಾತನಾಡಲು ಧವನ್ ಅವರು ಕಲಾಂ ಅವರನ್ನು ಕಳುಹಿಸಿದರು. ಕಲಾಂ ಅವರೇ ಇದನ್ನು ಅನೇಕ ಭಾಷಣಗಳಲ್ಲಿ ಹೇಳಿದ್ದಾರೆ.

ಧವನ್ ಅವರ ದೊಡ್ಡತನವನ್ನು ಎಲ್ಲರೂ ಮೆಚ್ಚುತ್ತೇವೆ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಕಲಾಂ ಅವರು ಮುಂದುವರಿಯಿರಿ ಎಂದ ಆ ಕ್ಷಣದಲ್ಲಿ. ಆ ಬೃಹತ್ ಯಂತ್ರದ ಪ್ರತಿಯೊಂದು ಕವಾಟವನ್ನೂ ಅವರು ಸ್ವತಃ ಬಿಚ್ಚಿ ನೋಡುವಂತಿರಲಿಲ್ಲ. ಬೇರೆಯವರ ತಲೆಯಲ್ಲಿದ್ದ ತಿಳಿವನ್ನು ನಂಬಿ ತೀರ್ಮಾನಿಸಬೇಕಿತ್ತು. ತೀರ್ಮಾನ ಮಾತ್ರ ಅವರದೇ.

ಇಷ್ಟು ದೊಡ್ಡ ಉದಾಹರಣೆ ಬೇಡವೆಂದರೆ ನಿಮ್ಮ ವಿಜ್ಞಾನ ವಸ್ತುಪ್ರದರ್ಶನವನ್ನೇ ನೋಡಿ. ತಂಡದ ಜಾಣ ನಾಯಕಿ ಹಿಂದಿನ ರಾತ್ರಿ ಎಲ್ಲರ ಚಾರ್ಟುಗಳನ್ನೂ ತಾನೇ ತಿದ್ದಿ ಬರೆಯುತ್ತಾಳೆ. ಚಾರ್ಟು ಅಂದವಾಗುತ್ತದೆ. ತೀರ್ಪುಗಾರರು ಪ್ರಶ್ನೆ ಕೇಳಿದಾಗ ಉಳಿದ ನಾಲ್ವರು ಅವಳ ಮುಖ ನೋಡುತ್ತಾರೆ.

ಮುಂದಿನ ತಿಂಗಳ ಧ್ವನಿಮುದ್ರಣಕ್ಕೆ ಮುನ್ನ ನಾನು ಎಲ್ಲರನ್ನೂ ಕೂಡಿಸಿ, ನಮಗೆ ಬೇಕಾದದ್ದು ಮಕ್ಕಳ ಮುಖಭಾವ, ಉಳಿದದ್ದು ನಿಮಗೆ ಬಿಟ್ಟದ್ದು ಎಂದಷ್ಟೇ ಹೇಳಿದೆ. ಅಭ್ಯಾಸಬಲ ನೋಡಿ, ಬೆರಳು ಟಾಕ್‌ಬ್ಯಾಕ್ ಗುಂಡಿಯತ್ತ ಹೋಗುತ್ತಲೇ ಇತ್ತು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ. ಒಬ್ಬ ಹುಡುಗ ಉತ್ತರ ಹುಡುಕುತ್ತಾ ತಡವರಿಸುತ್ತಿದ್ದ. ಎರಡನೆಯ ಮಾನಿಟರಿನಲ್ಲಿ, ನಾನು ಕೇಳದೆಯೇ, ಸಭಿಕರ ನಡುವೆ ಕುಳಿತಿದ್ದ ಅವನ ತಾಯಿ ಕಾಣಿಸಿಕೊಂಡರು. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದ ಅವರ ತುಟಿಗಳು ಮಗನ ಜೊತೆಜೊತೆಗೇ ಅಲುಗುತ್ತಿದ್ದವು.